ಉರಿ ಸ್ವಲ್ಪ ಸಣ್ಣದಿರಲಿ

ಲ್ಯಾಪ್‌ಟಾಪಿನಲ್ಲಿ ಆಟ ಶುರುವಾದ ಮೊದಲ ಕೆಲವು ನಿಮಿಷ ಎಲ್ಲವೂ ಸೊಗಸಾಗಿರುತ್ತದೆ. ಕಾರು ಹೇಳಿದ ಕಡೆ ತಿರುಗುತ್ತದೆ, ಗುರಿಯಿಟ್ಟಲ್ಲಿಗೆ ಗುಂಡು ಹೋಗುತ್ತದೆ, ಫ್ಯಾನಿನ ಸದ್ದು ಇನ್ನೂ ಹೆಡ್‌ಫೋನ್ ದಾಟಿ ಒಳಗೆ ಬಂದಿರುವುದಿಲ್ಲ. ಎಲ್ಲೋ ಕಾಲು ಗಂಟೆ ಕಳೆಯುವ ಹೊತ್ತಿಗೆ ಪರದೆ ಒಮ್ಮೆ ತಡವರಿಸುತ್ತದೆ. ಸಾವರಿಸಿಕೊಂಡು ಓಡುತ್ತದೆ, ಮತ್ತೆ ತಡವರಿಸುತ್ತದೆ. ಮೂಲೆಯಲ್ಲಿ 90 ಎಂದು ತೋರಿಸುತ್ತಿದ್ದ ಫ್ರೇಮ್‌ಗಳ ಲೆಕ್ಕ 40ಕ್ಕೆ ಬಿದ್ದು, ಎದ್ದು, ಮತ್ತೆ ಬೀಳುತ್ತದೆ. ಇದಾಗುವುದೂ ಆಟ ಬಿಗಿಯಾದ ಗಳಿಗೆಯಲ್ಲೇ. ಅದಕ್ಕೆ ಕಾರಣವಿದೆ: ಎದುರಾಳಿಗಳು ನಾಲ್ಕು ಕಡೆಯಿಂದ ನುಗ್ಗಿದಾಗ, ಗೋಡೆ ಕುಸಿದು ಹೊಗೆ ಎದ್ದಾಗ, ಪ್ರೊಸೆಸರ್ ಮಾಡಬೇಕಾದ ಲೆಕ್ಕವೂ ಅದೇ ಕ್ಷಣದಲ್ಲಿ ಏರುತ್ತದೆ, ಆಗಲೇ ಕಾದು ಕೂತಿರುವ ಚಿಪ್ಪಿಗೆ ಅಷ್ಟು ಸಾಕು. ಆಡುತ್ತಿದ್ದವರು ಮೊದಲು ಇಂಟರ್ನೆಟ್ಟನ್ನು ದೂರುತ್ತಾರೆ, ಆಮೇಲೆ ಆಟವನ್ನು, ಆಮೇಲೆ ಆಂಟಿವೈರಸ್ಸನ್ನು. ಕೊನೆಗೆ ಶಾಖ ತೋರಿಸುವ ಒಂದು ತಂತ್ರಾಂಶ ಹಾಕಿಕೊಂಡು ನೋಡಿದರೆ 96, 98, 100 ಡಿಗ್ರಿ ಎಂಬ ಕೆಂಪು ಅಂಕಿಗಳು, ಪಕ್ಕದಲ್ಲಿ ಥ್ರಾಟ್ಲಿಂಗ್, ಅಂದರೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿದೆ, ಎಂಬ ಎಚ್ಚರಿಕೆ. ಅಲ್ಲಿಂದ ಮುಂದಿನ ಹುಡುಕಾಟವೆಲ್ಲ ಈ ಥ್ರಾಟ್ಲಿಂಗನ್ನು ನಿಲ್ಲಿಸುವುದು ಹೇಗೆ ಎಂಬುದರದೇ. ಆ ಪ್ರಶ್ನೆ ಒಂದು ಹೆಜ್ಜೆ ತಡವಾಗಿ ಶುರುವಾಗಿದೆ ಎಂದು ನನಗನ್ನಿಸುತ್ತದೆ. ಯಂತ್ರ ತಾನಾಗಿ ಬ್ರೇಕ್ ಹಾಕುವ ಹಂತಕ್ಕೆ ಹೋಗುವ ಮೊದಲೇ, ಅದರ ವೇಗವನ್ನು ನಾವೇ ತಿಳಿದು ಒಂದಿಷ್ಟು ತಗ್ಗಿಸಿ ಕೊಡುವುದೇ ನಿಜವಾದ ದುರಸ್ತಿ ಎಂಬುದು ನನ್ನ ವಾದ.

ಈ ಬ್ರೇಕು ಎಷ್ಟು ಬೆಲೆಬಾಳುವಂಥದ್ದು ಎಂಬುದಕ್ಕೆ 2001ರ ಒಂದು ಪರೀಕ್ಷೆ ಒಳ್ಳೆಯ ಸಾಕ್ಷಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮೇಲೆ ಕ್ವೇಕ್ 3 ಓಡಿಸಿ, ಆಟ ನಡೆಯುತ್ತಿರುವಾಗಲೇ ಮೇಲಿದ್ದ ಹೀಟ್‌ಸಿಂಕನ್ನು ಕಿತ್ತು ತೆಗೆದರು. ಎಎಂಡಿಯ ಅಥ್ಲಾನ್‌ಗಳು ಹೊಗೆಯಾಡಿ ಸುಟ್ಟುಹೋದವು. ಇಂಟೆಲ್‌ನ ಪೆಂಟಿಯಂ 3 ಇದ್ದಲ್ಲೇ ಸ್ತಬ್ಧವಾಯಿತು, ಆದರೆ ಚಿಪ್ ಉಳಿಯಿತು. ಪೆಂಟಿಯಂ 4 ಮಾತ್ರ ತನ್ನ ವೇಗವನ್ನು ತಾನೇ ಇಳಿಸಿಕೊಂಡು, ತೆವಳುತ್ತಲಾದರೂ ಆಟವನ್ನು ಮುಂದುವರಿಸಿತು. ನೋಡಿದವರಿಗೆ ಬೆರಗು ಹುಟ್ಟಿಸಿದ ಆ ದೃಶ್ಯವೇ ಇವತ್ತು ನಮ್ಮನ್ನು ಸಿಟ್ಟಿಗೆಬ್ಬಿಸುವ ಥ್ರಾಟ್ಲಿಂಗ್. ಈಗ ಎರಡೂ ಕಂಪನಿಗಳ ಚಿಪ್ಪುಗಳಲ್ಲಿ ಈ ಕಾವಲು ಇದೆ, ಇದ್ದೇ ಇರಬೇಕು. ಹಾಗಿರುವಾಗ ಅದನ್ನು ತೆಗೆದುಹಾಕುವ, ಮಿತಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುವ ಉಪಾಯಗಳಲ್ಲಿ ನನಗೆ ನಂಬಿಕೆಯಿಲ್ಲ. ಕಾವಲುಗಾರ ಪದೇ ಪದೇ ಎದ್ದು ಬರಬೇಕಾದ ಪರಿಸ್ಥಿತಿ ಯಾಕೆ ಬಂತು ಎಂದು ನೋಡುವುದು ಹೆಚ್ಚು ಉಪಯುಕ್ತ.

ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಕಂಪ್ಯೂಟರ್ ಉದ್ಯಮಕ್ಕೆ ಮೂರು ದಶಕಗಳ ಭರವಸೆ ಕೊಟ್ಟಿತ್ತು. ಟ್ರಾನ್ಸಿಸ್ಟರನ್ನು ಕುಗ್ಗಿಸಿದ ಹಾಗೆಲ್ಲ ಅದಕ್ಕೆ ಬೇಕಾದ ವೋಲ್ಟೇಜನ್ನೂ ಕುಗ್ಗಿಸಬಹುದು, ಆದ್ದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಶಾಖ ಹೆಚ್ಚಬೇಕಾಗಿಲ್ಲ ಎಂಬುದು ಅದರ ತಿರುಳು. 2005ರ ಆಸುಪಾಸಿನಲ್ಲಿ ಈ ಭರವಸೆ ಮುಗಿಯಿತು. ವೋಲ್ಟೇಜನ್ನು ಇನ್ನೂ ಇಳಿಸಹೊರಟರೆ ಟ್ರಾನ್ಸಿಸ್ಟರ್ ಮುಚ್ಚಿರುವಾಗಲೂ ವಿದ್ಯುತ್ತು ಸೋರತೊಡಗಿತು. 4 ಗಿಗಾಹರ್ಟ್ಜ್‌ನ ಪೆಂಟಿಯಂ 4 ತರುತ್ತೇವೆ ಎಂದಿದ್ದ ಇಂಟೆಲ್ 2004ರಲ್ಲಿ ಅದನ್ನು ಕೈಬಿಟ್ಟಿತು. ಅಂದಿನಿಂದ ವೇಗಕ್ಕೆ ತೆರುವ ಬೆಲೆ ಶಾಖವೇ, ಮತ್ತು ಆ ಬೆಲೆ ಸಮನಾಗಿ ಏರುವಂಥದ್ದಲ್ಲ. ಚಿಪ್ಪಿಗೆ ಬೇಕಾಗುವ ವಿದ್ಯುತ್ತು ವೇಗದ ಜೊತೆ ನೇರವಾಗಿಯೂ ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿಯೂ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ಎರಡೂ ಒಟ್ಟೊಟ್ಟಿಗೆ ಏರುವ ಮೇಲಿನ ತುದಿಯಲ್ಲಿ ವಿದ್ಯುತ್ತಿನ ಖರ್ಚು ಹೆಚ್ಚುಕಡಿಮೆ ವೇಗದ ಘನದಷ್ಟಾಗುತ್ತದೆ. ಈ ಲೆಕ್ಕವನ್ನು ಹಿಂದಕ್ಕೆ ಓದಿದರೆ ಸಂತೋಷದ ಸಂಗತಿ ಸಿಗುತ್ತದೆ. 4.7 ಗಿಗಾಹರ್ಟ್ಜ್‌ನಲ್ಲಿ ಓಡುವ ಚಿಪ್ಪನ್ನು 4ಕ್ಕೆ ಇಳಿಸಿದರೆ ಹೋಗುವ ವೇಗ ಶೇಕಡಾ 15. ಉಳಿತಾಯವಾಗುವ ವಿದ್ಯುತ್ತು, ಲೆಕ್ಕದ ಮಟ್ಟಿಗೆ, ಶೇಕಡಾ 38ರಷ್ಟು. ನಿಜವಾದ ಚಿಪ್ಪುಗಳಲ್ಲಿ ಅಂಕಿಗಳು ಆಚೀಚೆ ಆಗುತ್ತವೆ, ಆದರೆ ತಕ್ಕಡಿ ವಾಲುವುದು ಇದೇ ಕಡೆಗೆ. ಕೊನೆಯ ಆರೇಳು ನೂರು ಮೆಗಾಹರ್ಟ್ಜ್ ಅತಿ ದುಬಾರಿ ವೇಗ. ನನ್ನ ವಾದವೆಲ್ಲ ನಿಂತಿರುವುದು ಇದೊಂದರ ಮೇಲೆ.

ಹಾಗಾದರೆ ತಯಾರಕರು ಆ ದುಬಾರಿ ವೇಗವನ್ನು ಯಾಕೆ ಇಟ್ಟಿದ್ದಾರೆ? ಎಲ್ಲ ಕೆಲಸವೂ ಆಟದ ಹಾಗೆ ಗಂಟೆಗಟ್ಟಲೆ ನಡೆಯುವುದಿಲ್ಲ ಎಂಬುದು ಪ್ರಾಮಾಣಿಕ ಉತ್ತರ. ಜಾಲತಾಣ ತೆರೆಯುವುದು, ಫೋಟೊ ತಿದ್ದುವುದು, ಕಡತ ಬಿಚ್ಚುವುದು, ಇವೆಲ್ಲ ಕೆಲವು ಸೆಕೆಂಡಿನ ಕೆಲಸ. ಅಷ್ಟು ಹೊತ್ತು ಜೋರಾಗಿ ಓಡಿ ಮುಗಿಸಿ ಮತ್ತೆ ತಣ್ಣಗಾಗುವುದು ಜಾಣತನವೇ. ಇಂಟೆಲ್ 2008ರಲ್ಲಿ ಟರ್ಬೊ ಬೂಸ್ಟ್ ತಂದದ್ದು ಈ ವಿಚಾರದ ಮೇಲೆ. ಇಂಟೆಲ್ ಚಿಪ್ಪುಗಳಿಗೆ ಎರಡು ವಿದ್ಯುತ್ ಮಿತಿಗಳಿರುತ್ತವೆ. ಬಲ್ಲವರು ಪಿಎಲ್1, ಪಿಎಲ್2 ಎನ್ನುತ್ತಾರೆ. ಮೊದಲನೆಯದು ಬಹುಕಾಲ ಎಳೆಯಬಹುದಾದದ್ದು, ಎರಡನೆಯದು ಅಲ್ಪಕಾಲದ್ದು. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಬಹಳ ಕಾಣಸಿಗುವ ಕೋರ್ ಐ7-12700ಎಚ್ ಚಿಪ್ಪನ್ನೇ ನೋಡಿ. ಇಂಟೆಲ್ ತಾನೇ ಬರೆದಿರುವಂತೆ ಅದರ ಮೂಲ ವಿದ್ಯುತ್ ಮಿತಿ 45 ವ್ಯಾಟ್, ಟರ್ಬೊದಲ್ಲಿ ಗರಿಷ್ಠ 115 ವ್ಯಾಟ್. ಎರಡೂವರೆ ಪಟ್ಟು ಅಂತರ. ದೊಡ್ಡ ಕೋರ್‌ಗಳ ಮೂಲ ವೇಗ 2.3 ಗಿಗಾಹರ್ಟ್ಜ್, ಗರಿಷ್ಠ 4.7, ಜಾಹೀರಾತಿನಲ್ಲಿ ಎದ್ದು ಕಾಣುವುದು ಎರಡನೆಯ ಅಂಕಿ. ಕೊಂಡವರು ಅದನ್ನೇ ತಮ್ಮ ಯಂತ್ರದ ವೇಗ ಎಂದು ತಿಳಿದರೆ ತಪ್ಪು ಅವರದಲ್ಲ. ಆದರೆ ಆಟವೆಂಬುದು ಎರಡು ಮೂರು ಗಂಟೆ ಬಿಡುವಿಲ್ಲದೆ ನಡೆಯುವ ಕೆಲಸ. ಅಲ್ಪಕಾಲದ ಅಂಕಿಯನ್ನು ದೀರ್ಘಕಾಲದ ಕೆಲಸದ ಮೇಲೆ ಹೇರಿದಾಗ ಹುಟ್ಟುವ ಕೊರತೆಯೇ ಕಾಲು ಗಂಟೆಯ ಮೇಲೆ ಕಾಣಿಸುವ ಆ ತಡವರಿಕೆ.

ಬ್ರೇಕು ಬೀಳುವುದು ಒಂದೇ ಕಾರಣಕ್ಕಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕಾರಣ ತಪ್ಪಾಗಿ ಹಿಡಿದರೆ ದುರಸ್ತಿಯೂ ತಪ್ಪುತ್ತದೆ. ಚಿಪ್ಪಿನ ಒಳಗಿನ ಶಾಖ ತನ್ನ ಮಿತಿ ಮುಟ್ಟಿದಾಗ ಬೀಳುವುದು ಒಂದು. ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಈ ಮಿತಿ ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ವಿದ್ಯುತ್ ಮಿತಿ ಮುಗಿದಾಗ ಬೀಳುವುದು ಇನ್ನೊಂದು. ಆಗ ಶಾಖ 80 ಡಿಗ್ರಿ ಇದ್ದರೂ ವೇಗ ಇಳಿಯುತ್ತದೆ, ಥರ್ಮಲ್ ಪೇಸ್ಟ್ ಬದಲಿಸಿದರೆ ಏನೂ ಆಗುವುದಿಲ್ಲ. ಚಾರ್ಜರ್ ಸಾಲದೆ ಹೋದರೆ ಅಥವಾ ಯಂತ್ರಕ್ಕೆ ಅದರ ಗುರುತು ಸಿಗದಿದ್ದರೆ ಚಿಪ್ ಗಿಗಾಹರ್ಟ್ಜ್‌ಗಿಂತಲೂ ಕೆಳಗೆ ಕುಸಿದು ಕೂರುವುದುಂಟು. ಅಂಥಲ್ಲಿ ಬೇಕಾದದ್ದು ಸರಿಯಾದ ಚಾರ್ಜರ್, ಬೇರೇನೂ ಅಲ್ಲ. ಇವೆಲ್ಲಕ್ಕಿಂತ ಕುತೂಹಲದ ಕಾರಣ ಲ್ಯಾಪ್‌ಟಾಪಿನ ಹೊರಮೈ. ಮನುಷ್ಯನ ಚರ್ಮ ಎಷ್ಟು ಬಿಸಿಗೆ ಎಷ್ಟು ಹೊತ್ತಿನಲ್ಲಿ ಸುಡುತ್ತದೆ ಎಂದು ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ 44 ಡಿಗ್ರಿಯ ಮೇಲ್ಮೈ ಕೂಡ ಆರು ಗಂಟೆ ತಾಗಿಕೊಂಡಿದ್ದರೆ ಗಾಯ ಮಾಡಬಲ್ಲದು. ಕೀಲಿಮಣೆಯ ಮೇಲೆ ಬೆರಳು, ತೊಡೆಯ ಮೇಲೆ ತಳ ಇರುವ ಯಂತ್ರಕ್ಕೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ಎಷ್ಟೋ ಲ್ಯಾಪ್‌ಟಾಪುಗಳು ಹೊರಮೈಯ ಶಾಖವನ್ನೂ ಗಮನಿಸಿ ವಿದ್ಯುತ್ ಮಿತಿಯನ್ನು ಇಳಿಸುತ್ತವೆ. ಚಿಪ್ಪಿನ ಅಂಕಿಯೊಂದನ್ನೇ ನೋಡುತ್ತಾ ಕೂತವರಿಗೆ ಈ ಬ್ರೇಕು ಕಾರಣವಿಲ್ಲದೆ ಬಿದ್ದಂತೆ ಕಾಣುತ್ತದೆ. ಅದು ಬಿದ್ದಿರುವುದು ಆಡುವವರ ಮೈಗಾಗಿ.

ಕಾರಣ ಯಾವುದಾದರೂ, ಯಂತ್ರ ಬ್ರೇಕು ಹಾಕುವ ಬಗೆಯಲ್ಲೇ ಒಂದು ತೊಡಕಿದೆ. ಮಿತಿ ಮುಟ್ಟಿದ ಮೇಲೆ ವೇಗ ಇಳಿಸುತ್ತದೆ. ಇಳಿಸಿದ ಕೂಡಲೇ ಶಾಖ ತಗ್ಗುತ್ತದೆ. ತಗ್ಗಿದ್ದು ಕಂಡು ಮತ್ತೆ ಏರಿಸುತ್ತದೆ. ಉಕ್ಕಿ ಬರುವ ಹಾಲಿಗೆ ಪ್ರತಿಸಲವೂ ನೀರು ಚಿಮುಕಿಸುತ್ತಾ ನಿಲ್ಲುವುದಕ್ಕೂ ಒಲೆಯ ಉರಿಯನ್ನು ಒಮ್ಮೆ ಸಣ್ಣ ಮಾಡುವುದಕ್ಕೂ ಇರುವ ವ್ಯತ್ಯಾಸವೇ ಯಂತ್ರ ಮಾಡುವ ಕಡಿತಕ್ಕೂ ನಾವು ಮಾಡುವ ಕಡಿತಕ್ಕೂ ಇದೆ. ಆಟಕ್ಕೆ ಈ ವ್ಯತ್ಯಾಸ ಪ್ರಾಣದಷ್ಟು ಮುಖ್ಯ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಫ್ರೇಮಿಗೂ 16.7 ಮಿಲಿಸೆಕೆಂಡು. ಹತ್ತು ಫ್ರೇಮ್ 11 ಮಿಲಿಸೆಕೆಂಡಿಗೇ ಬಂದು ಹನ್ನೊಂದನೆಯದು 40 ತೆಗೆದುಕೊಂಡರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಕಣ್ಣು ಹಿಡಿಯುವುದು ಆ ಹನ್ನೊಂದನೆಯದನ್ನು. ಅದಕ್ಕೇ ಪರೀಕ್ಷಕರು ಸರಾಸರಿಯ ಪಕ್ಕದಲ್ಲಿ ಅತಿ ನಿಧಾನದ ನೂರರಲ್ಲೊಂದು ಪಾಲು ಫ್ರೇಮ್‌ಗಳ ಲೆಕ್ಕವನ್ನೂ ಕೊಡುತ್ತಾರೆ. ಸಮವಾದ ಕಡಿಮೆ ವೇಗ ಎಷ್ಟು ಹಿತವಾಗಿರಬಲ್ಲದು ಎಂಬುದಕ್ಕೆ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಒಳ್ಳೆಯ ಉದಾಹರಣೆ. 2022ರಲ್ಲಿ ಬಂದ ಈ ಕೈಯಲ್ಲಿ ಹಿಡಿಯುವ ಆಟದ ಯಂತ್ರದ ಚಿಪ್ 15 ವ್ಯಾಟಿನೊಳಗೆ ಕೆಲಸ ಮಾಡುತ್ತದೆ. ಎಷ್ಟು ವ್ಯಾಟ್ ಕೊಡಬೇಕು, ಎಷ್ಟು ಫ್ರೇಮಿಗೆ ನಿಲ್ಲಿಸಬೇಕು ಎಂಬ ಗುಂಡಿಗಳನ್ನು ಕಂಪನಿ ಬಳಸುವವರ ಬೆರಳಿನ ಬುಡದಲ್ಲೇ ಇಟ್ಟಿತು. ಅದೇ ವರ್ಷ ಪರದೆಯನ್ನು 40 ಹರ್ಟ್ಜ್‌ಗೆ ಇಳಿಸುವ ಸೌಲಭ್ಯವೂ ಬಂತು. 40 ಫ್ರೇಮ್ ಎಂದರೆ 25 ಮಿಲಿಸೆಕೆಂಡು. 30 ಮತ್ತು 60ರ ನಡುವೆ, ಕಾಲದ ಲೆಕ್ಕದಲ್ಲಿ, ಸರಿಯಾಗಿ ಅರ್ಧದಾರಿ. ಬಳಕೆದಾರರಲ್ಲಿ ಅನೇಕರು ಅದನ್ನು ಸಂತೋಷದಿಂದ ಒಪ್ಪಿಕೊಂಡರು. ಅದೇ ಜನರಿಗೆ ದೊಡ್ಡ ಲ್ಯಾಪ್‌ಟಾಪಿನಲ್ಲಿ 70 ಮತ್ತು 45ರ ನಡುವೆ ಜಿಗಿಯುವ ಚಿತ್ರ ಕಿರಿಕಿರಿ ಮಾಡುತ್ತದೆ ಎಂಬುದರಲ್ಲಿ ನನಗೆ ಅಚ್ಚರಿ ಕಾಣುವುದಿಲ್ಲ.

ಇದಕ್ಕೆ ಬಲ ಕೊಡುವ ಇನ್ನೊಂದು ಪ್ರಕರಣ ಆಟದ ಲೋಕದ ಹೊರಗಿನದು. 2018ರ ಜುಲೈನಲ್ಲಿ ಆಪಲ್ ಆರು ಕೋರ್‌ಗಳ ಕೋರ್ ಐ9 ಚಿಪ್ ಇರುವ 15 ಇಂಚಿನ ಮ್ಯಾಕ್‌ಬುಕ್ ಪ್ರೊ ಬಿಡುಗಡೆ ಮಾಡಿತು. ಚಿಪ್ಪಿನ ಮೂಲ ವೇಗ 2.9 ಗಿಗಾಹರ್ಟ್ಜ್, ಟರ್ಬೊ 4.8. ಕೆಲವೇ ದಿನಗಳಲ್ಲಿ ಡೇವ್ ಲೀ ಎಂಬ ಯೂಟ್ಯೂಬ್ ವಿಮರ್ಶಕರು, ವಿಡಿಯೊ ಸಂಸ್ಕರಣೆಯಂಥ ದೀರ್ಘ ಕೆಲಸದಲ್ಲಿ ಅದು ಮೂಲ ವೇಗವನ್ನೂ ಉಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಿದರು. ಮಾಮೂಲಿ ಕೋಣೆಯಲ್ಲಿ ಸುಮಾರು 39 ನಿಮಿಷ ತೆಗೆದುಕೊಂಡ ಕೆಲಸ, ಯಂತ್ರವನ್ನು ಫ್ರೀಜರಿನಲ್ಲಿಟ್ಟಾಗ ಸುಮಾರು 27 ನಿಮಿಷಕ್ಕೆ ಮುಗಿಯಿತು. ಚಿಪ್ ಅಶಕ್ತವಲ್ಲ, ಅದರ ಶಾಖ ಹೊರಗೆ ಹೋಗುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆಮೇಲಿನ ಸಂಗತಿ. ಅದೇ ತಿಂಗಳ 24ರಂದು ಆಪಲ್ ಒಂದು ತಂತ್ರಾಂಶ ತಿದ್ದುಪಡಿ ಹೊರಡಿಸಿತು. ಶಾಖ ನಿರ್ವಹಣೆಯ ಫರ್ಮ್‌ವೇರಿನಲ್ಲಿ ಒಂದು ಡಿಜಿಟಲ್ ಕೀ ಬಿಟ್ಟುಹೋಗಿತ್ತು, ಹಾಗಾಗಿ ವೇಗ ಬೇಕಿಲ್ಲದಷ್ಟು ಕೆಳಗೆ ಬೀಳುತ್ತಿತ್ತು ಎಂದಿತು. ತಿದ್ದುಪಡಿಯ ನಂತರ ವೇಗದ ಏರಿಳಿತ ತಗ್ಗಿ ಕೆಲಸ ಬೇಗ ಮುಗಿಯತೊಡಗಿತು. ಫ್ಯಾನ್ ಬದಲಾಗಲಿಲ್ಲ, ಒಂದು ಸ್ಕ್ರೂ ಬದಲಾಗಲಿಲ್ಲ. ಅದೇ ಲೋಹ, ಅದೇ ಗಾಳಿ. ಬದಲಾದದ್ದು ವಿದ್ಯುತ್ತನ್ನು ಹಂಚುವ ಕ್ರಮ ಮಾತ್ರ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ವೇಗ ತಗ್ಗಿಸುವ ಬದಲು ತಂಪು ಹೆಚ್ಚಿಸಿದರೆ ಆಗದೇ? ದೂಳು ತೆಗೆಯಿರಿ, ಪೇಸ್ಟ್ ಬದಲಿಸಿ, ಕೂಲಿಂಗ್ ಪ್ಯಾಡ್ ಇಡಿ. ಇದರಲ್ಲಿ ನಿಜವಿದೆ. ಲ್ಯಾಪ್‌ಟಾಪಿನೊಳಗೆ ಶಾಖ ಸಾಗುವ ದಾರಿ ಒಂದು ಸುಂದರ ವ್ಯವಸ್ಥೆ. ಚಿಪ್ಪಿನ ಮೇಲಿಂದ ಹೊರಡುವ ತಾಮ್ರದ ಕೊಳವೆಗಳು ಗಟ್ಟಿ ಸರಳುಗಳಲ್ಲ; ಒಳಗೆ ಗಾಳಿ ತೆಗೆದು ಚೂರು ನೀರು ತುಂಬಿರುತ್ತಾರೆ. ಬಿಸಿ ತುದಿಯಲ್ಲಿ ನೀರು ಆವಿಯಾಗಿ ತಂಪು ತುದಿಗೆ ಓಡಿ ಅಲ್ಲಿ ಮತ್ತೆ ನೀರಾಗುತ್ತದೆ, ಒಳಗೋಡೆಯ ಬತ್ತಿಯಂಥ ಪದರ ಅದನ್ನು ಹಿಂದಕ್ಕೆ ಎಳೆದು ತರುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ರೂಪಿಸಿ ಹೀಟ್ ಪೈಪ್ ಎಂದು ಹೆಸರಿಟ್ಟದ್ದು ಇದನ್ನೇ; ಮುಂದೆ ಉಪಗ್ರಹಗಳಿಗೆ ಹೋದ ಆ ಕೊಳವೆ ಈಗ ನಮ್ಮ ಮೇಜಿನ ಮೇಲೆ ಸದ್ದಿಲ್ಲದೆ ಕುದಿಯುತ್ತಿದೆ. ಚಿಪ್ಪಿಗೂ ಈ ತಾಮ್ರಕ್ಕೂ ನಡುವಿನ ಕೂದಲೆಳೆ ಸಂದು ಗಾಳಿಯದಾದರೆ ಶಾಖ ದಾಟುವುದಿಲ್ಲ. ತಾಮ್ರಕ್ಕೆ ಹೋಲಿಸಿದರೆ ಗಾಳಿ ಹದಿನೈದು ಸಾವಿರ ಪಟ್ಟು ಕೀಳು ವಾಹಕ. ಪೇಸ್ಟ್ ಇರುವುದು ಆ ಸಂದು ತುಂಬಲು. ದಿನವೂ ಬಿಸಿಯಾಗಿ ತಣ್ಣಗಾಗುವ ಚಿಪ್ಪಿನ ಮೇಲೆ ಕೆಲವು ಪೇಸ್ಟುಗಳು ಒಣಗುತ್ತವೆ, ಕೆಲವು ಅಂಚಿಗೆ ತಳ್ಳಲ್ಪಟ್ಟು ಮಧ್ಯ ಬರಿದಾಗುತ್ತದೆ. ಶಾಖಕ್ಕೆ ಮೆತ್ತಗಾಗಿ ಸಂದನ್ನು ತಾನೇ ತುಂಬಿಕೊಳ್ಳುವ ಹನಿವೆಲ್‌ನ ಪಿಟಿಎಂ7950ಯಂಥ ತೆಳುಹಾಳೆಗಳು ಈ ತೊಂದರೆಗೆ ಒಳ್ಳೆಯ ಉತ್ತರ. ಗ್ಯಾಲಿಯಂ ಬೆರೆತ ದ್ರವಲೋಹ ಇನ್ನೂ ಚೆನ್ನಾಗಿ ಶಾಖ ದಾಟಿಸುತ್ತದೆ, ಆದರೆ ಅದು ವಿದ್ಯುತ್ತನ್ನೂ ದಾಟಿಸುತ್ತದೆ, ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತದೆ; ಕೈ ಪಳಗದವರು ಅದರ ತಂಟೆಗೆ ಹೋಗದಿರುವುದು ಮೇಲು. ಇನ್ನು ದೂಳು: ಫ್ಯಾನಿಗೂ ಲೋಹದ ರೆಕ್ಕೆಗಳಿಗೂ ನಡುವೆ ಅದು ಕಂಬಳಿಯ ತುಂಡಿನಂತೆ ಹಾಸಿಕೊಳ್ಳುತ್ತದೆ, ಹೊರಗಿನಿಂದ ಊದಿದರೆ ಹೋಗುವುದಿಲ್ಲ. ತಳ ಬಿಚ್ಚಿ, ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದು ತೆಗೆಯಬೇಕು.

ಇಷ್ಟೆಲ್ಲ ಮಾಡುವುದು ಅಗತ್ಯ, ಮಾಡದೆ ನನ್ನ ವಾದವನ್ನು ಪಾಲಿಸುವುದು ಸೋಮಾರಿತನ. ಆದರೂ ತಂಪೊಂದೇ ಪೂರ್ತಿ ಉತ್ತರವಾಗದು, ಏಕೆಂದರೆ ಟರ್ಬೊ ಎಂಬುದು ಸಿಕ್ಕಷ್ಟನ್ನೂ ಬಳಸಿಕೊಳ್ಳಲು ಕಟ್ಟಿದ ವ್ಯವಸ್ಥೆ. ತಂಪು ಹೆಚ್ಚಿದರೆ ಚಿಪ್ ಇನ್ನಷ್ಟು ವಿದ್ಯುತ್ತು ಎಳೆದು ಮತ್ತೆ ಅದೇ 100 ಡಿಗ್ರಿಯ ಹತ್ತಿರ ಹೋಗಿ ನಿಲ್ಲುತ್ತದೆ. ಶೇಕಡಾ 15 ವೇಗಕ್ಕೆ ಅಷ್ಟೊಂದು ಶಾಖ ತೆರಬೇಕು ಎಂಬ ಮೊದಲಿನ ಲೆಕ್ಕವನ್ನು ನೆನಪಿಟ್ಟುಕೊಂಡರೆ, ಹೊಸ ಪೇಸ್ಟಿನಿಂದ ಸಿಗುವ ಲಾಭ ಫ್ರೇಮುಗಳಲ್ಲಿ ಯಾಕೆ ಅಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಒಂದೇ ಕೊಳವೆಗಳನ್ನು ಹಂಚಿಕೊಂಡಿರುತ್ತವೆ. ಆಟದಲ್ಲಿ ಚಿತ್ರ ಬಿಡಿಸುವ ದೊಡ್ಡ ಕೆಲಸ ಗ್ರಾಫಿಕ್ಸ್ ಚಿಪ್ಪಿನದು. ಪ್ರೊಸೆಸರ್ ಅನಗತ್ಯವಾಗಿ ಎಳೆದ ಒಂದೊಂದು ವ್ಯಾಟೂ ಅದರ ಪಾಲಿನಿಂದ ಕಿತ್ತದ್ದು. ಪ್ರೊಸೆಸರನ್ನು ತಗ್ಗಿಸಿದಾಗ ಕೆಲವು ಆಟಗಳಲ್ಲಿ ಫ್ರೇಮುಗಳು ಹೆಚ್ಚಾಗುವುದಕ್ಕೂ ಇದೇ ಕಾರಣ.

ತಂಪಿನ ಮಾತು ಬಂದಾಗ ಕೋಣೆಯ ಮಾತನ್ನು ಬಿಡುವ ಹಾಗಿಲ್ಲ, ಅದರಲ್ಲೂ ನಮ್ಮ ಕಡೆ. ಶಾಖ ಹೊರಹೋಗುವ ಪ್ರಮಾಣ ಚಿಪ್ಪಿಗೂ ಕೋಣೆಗೂ ಇರುವ ಅಂತರವನ್ನು ಅವಲಂಬಿಸಿದೆ. ಚಿಪ್ಪಿನ ಮಿತಿ 100 ಡಿಗ್ರಿ, ಕೋಣೆ 25 ಎಂದಾದರೆ ಅಂತರ 75. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮೇ ತಿಂಗಳ ಮಧ್ಯಾಹ್ನ ಕೋಣೆಯೇ 40 ಡಿಗ್ರಿ ಇದ್ದರೆ ಅಂತರ 60ಕ್ಕೆ ಇಳಿಯಿತು. ತಂಪು ಕೋಣೆಯಲ್ಲಿ 60 ವ್ಯಾಟ್ ಹೊರಹಾಕುತ್ತಿದ್ದ ಅದೇ ಯಂತ್ರ ಇಲ್ಲಿ 48 ವ್ಯಾಟಿಗೆ ಸುಸ್ತು. ಆಪಲ್ ತನ್ನ ಮ್ಯಾಕ್‌ಬುಕ್‌ಗಳನ್ನು 10ರಿಂದ 35 ಡಿಗ್ರಿ ಕೋಣೆಯಲ್ಲಿ ಬಳಸಿ ಎಂದು ಬರೆಯುತ್ತದೆ. ಉತ್ತರ ಕರ್ನಾಟಕದ ಬೇಸಗೆಯ ಮಧ್ಯಾಹ್ನಗಳು ಆ ಮಿತಿಯೊಳಗೆ ಬರುವುದೇ ಅಪರೂಪ. ಬೆಂಗಳೂರಿನವರಿಗೆ ಹವೆ ತಂಪು, ಆದರೆ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಗಾಳಿಯ ಸಾಂದ್ರತೆ ಶೇಕಡಾ ಎಂಟೊಂಬತ್ತು ಕಡಿಮೆ. ಫ್ಯಾನ್ ಅಷ್ಟೇ ಸುತ್ತಿದರೂ ಹೊತ್ತೊಯ್ಯುವ ಗಾಳಿಯ ತೂಕ ಅಷ್ಟು ಕಡಿಮೆ. ಲ್ಯಾಪ್‌ಟಾಪಿನ ಹಿಂಭಾಗವನ್ನು ಎರಡು ಬೆರಳು ಎತ್ತರಿಸುವುದು, ಹಾಸಿಗೆಯ ಮೇಲೆ ಇಡದಿರುವುದು, ಇಷ್ಟರಿಂದ ಸಿಗುವ ಲಾಭ ಎಷ್ಟೋ ಸಲ ಕೂಲಿಂಗ್ ಪ್ಯಾಡಿನ ಲಾಭಕ್ಕೆ ಕಡಿಮೆಯಿಲ್ಲ. ಆದರೆ 40 ಡಿಗ್ರಿಯ ಗಾಳಿಯನ್ನು ಎಷ್ಟು ಜೋರಾಗಿ ಊದಿದರೂ ಅದು 40 ಡಿಗ್ರಿಯದೇ.

ಹಾಗಾದರೆ ತಗ್ಗಿಸುವುದು ಹೇಗೆ? ಮೊದಲು ಫ್ರೇಮುಗಳಿಗೆ ಮಿತಿ. ಪರದೆ 60 ಹರ್ಟ್ಜ್‌ನದಾಗಿದ್ದು ಆಟ 110 ಫ್ರೇಮ್ ಮಾಡುತ್ತಿದ್ದರೆ ಉಳಿದ 50 ಬಹುಮಟ್ಟಿಗೆ ಶಾಖವೇ. ಆಟದೊಳಗೋ ಗ್ರಾಫಿಕ್ಸ್ ಡ್ರೈವರಿನಲ್ಲೋ 60ಕ್ಕೆ ಕಟ್ಟಿದರೆ ಒಂದು ಫ್ರೇಮಿನಿಂದ ಇನ್ನೊಂದರ ನಡುವೆ ಚಿಪ್ಪಿಗೆ ಬಿಡುವು ಸಿಗುತ್ತದೆ. ಇದಕ್ಕಿಂತ ಸುಲಭದ, ಅಪಾಯವಿಲ್ಲದ ಉಪಾಯ ಬೇರೊಂದಿಲ್ಲ. ಹೆಚ್ಚು ಜನ ಇಷ್ಟಕ್ಕೇ ನಿಲ್ಲಬಹುದು. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇಕಡಾ 99ಕ್ಕೆ ಇಟ್ಟರೆ ಟರ್ಬೊ ಪೂರ್ತಿ ನಿಂತುಹೋಗುತ್ತದೆ. ಶಾಖ ಗಮನಾರ್ಹವಾಗಿ ಇಳಿಯುತ್ತದೆ, ಆದರೆ 4.7 ಇದ್ದ ಚಿಪ್ 2.3ಕ್ಕೆ ಬಂದು ಕೂತರೆ ಕೆಲವು ಆಟಗಳಿಗೆ ಅದು ಸಾಲದು. ಥ್ರಾಟಲ್‌ಸ್ಟಾಪ್‌ನಂಥ ತಂತ್ರಾಂಶದಲ್ಲಿ, ಅಥವಾ ತಯಾರಕರೇ ಕೊಟ್ಟ ನಿಯಂತ್ರಣದಲ್ಲಿ, ಗರಿಷ್ಠ ವೇಗವನ್ನು 4ರ ಸುಮಾರಿಗೂ ದೀರ್ಘಕಾಲದ ವಿದ್ಯುತ್ ಮಿತಿಯನ್ನು ಯಂತ್ರ ನಿಭಾಯಿಸಬಲ್ಲ ಅಂಕಿಗೂ ಕಟ್ಟುವುದು ಇವೆರಡರ ನಡುವಿನ ಹದ. ಅರ್ಧ ಗಂಟೆ ಆಡಿ, ಕೊನೆಯ ಹತ್ತು ನಿಮಿಷ ಯಂತ್ರ ತಾನಾಗಿ ಎಷ್ಟು ವ್ಯಾಟಿಗೆ ಬಂದು ನಿಂತಿದೆ ಎಂದು ನೋಡಿದರೆ ಆ ಅಂಕಿ ಸಿಗುತ್ತದೆ. ಅದಕ್ಕಿಂತ ಮೂರು ನಾಲ್ಕು ವ್ಯಾಟ್ ಕೆಳಗೆ ಇಡಬೇಕು.

ಅಂಡರ್‌ವೋಲ್ಟಿಂಗ್ ಎಂಬ ಇನ್ನೊಂದು ದಾರಿ ಇತ್ತು. ವೇಗ ಅಷ್ಟೇ ಇಟ್ಟು ವೋಲ್ಟೇಜನ್ನು ಮಾತ್ರ ಇಳಿಸುವುದು. 1.2 ವೋಲ್ಟನ್ನು 1.1 ಮಾಡಿದರೆ ವರ್ಗದ ಲೆಕ್ಕದಲ್ಲಿ ವಿದ್ಯುತ್ತು ಶೇಕಡಾ 16 ಉಳಿಯುತ್ತದೆ, ವೇಗ ಚೂರೂ ಹೋಗುವುದಿಲ್ಲ. ಇತ್ತು ಎಂದೆ, ಏಕೆಂದರೆ 2019ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್, ಗ್ರಾಜ್ ಮತ್ತು ಲ್ಯೂವೆನ್‌ನ ಸಂಶೋಧಕರು ಪ್ಲಂಡರ್‌ವೋಲ್ಟ್ ಎಂಬ ದಾಳಿಯನ್ನು ಬಹಿರಂಗಪಡಿಸಿದರು. ವೋಲ್ಟೇಜನ್ನು ಬೇಕೆಂದೇ ಅತಿಯಾಗಿ ಇಳಿಸಿ ಚಿಪ್ ಲೆಕ್ಕ ತಪ್ಪುವಂತೆ ಮಾಡಿ, ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ರಹಸ್ಯ ಕೋಶದೊಳಗಿನ ಗುಟ್ಟನ್ನು ಹೊರತೆಗೆಯಬಹುದೆಂದು ತೋರಿಸಿದರು. ಆ ಬಾಗಿಲಿಗೆ ಬೀಗ ಬಿತ್ತು. ಬಯಾಸ್ ನವೀಕರಣಗಳ ಮೂಲಕ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅಂಡರ್‌ವೋಲ್ಟಿಂಗ್ ನಿಂತಿತು. ಭದ್ರತೆಯ ಕಾರಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಂಟೆಲ್ ತನ್ನ 11ನೇ ಪೀಳಿಗೆಯಿಂದ ಸಾಮಾನ್ಯ ಬಳಕೆಯ ಚಿಪ್ಪುಗಳಲ್ಲಿ ಎಸ್‌ಜಿಎಕ್ಸ್ ಅನ್ನೇ ಕೈಬಿಟ್ಟಿದೆ. ಕಾಯಬೇಕಾದ ಕೋಶವೇ ಇಲ್ಲದ ಚಿಪ್ಪಿನಲ್ಲಿ ಬೀಗವನ್ನು ಹಾಗೇ ಉಳಿಸಿರುವುದು, ಬಿಚ್ಚುವ ಆಯ್ಕೆಯನ್ನು ಕೆಲವೇ ದುಬಾರಿ ಮಾದರಿಗಳ ಬಯಾಸಿನಲ್ಲಿ ಮಾತ್ರ ಕೊಡುವುದು, ನನಗೆ ಅನ್ಯಾಯವೆಂದೇ ತೋರುತ್ತದೆ.

ಎರಡನೆಯ ಆಕ್ಷೇಪ ಹಣದ್ದು, ಮತ್ತು ಅದರ ಹಿಂದೆ ನ್ಯಾಯವಾದ ನೋವಿದೆ. ಲಕ್ಷ ರೂಪಾಯಿ ಕೊಟ್ಟು ಕೊಂಡ ಯಂತ್ರವನ್ನು ನಾನೇ ಯಾಕೆ ತಗ್ಗಿಸಲಿ? 4.7 ಎಂದು ಬರೆದು ಮಾರಿದವರು ಅದನ್ನು ಕೊಡಬೇಕಲ್ಲವೇ? ಕೊಡಬೇಕು, ಅಥವಾ ಕೊಡಲಾಗದ್ದನ್ನು ದಪ್ಪಕ್ಷರದಲ್ಲಿ ಬರೆಯಬಾರದು. ಈ ದಿಕ್ಕಿನಲ್ಲಿ ಒತ್ತಡ ಫಲ ಕೊಟ್ಟದ್ದುಂಟು. ಒಂದೇ ಹೆಸರಿನ ಆರ್‌ಟಿಎಕ್ಸ್ 3060 ಲ್ಯಾಪ್‌ಟಾಪ್ ಚಿಪ್ ಒಂದು ಯಂತ್ರದಲ್ಲಿ 60 ವ್ಯಾಟಿಗೆ, ಇನ್ನೊಂದರಲ್ಲಿ 115ಕ್ಕೆ ಓಡುತ್ತಿದ್ದ ಗೊಂದಲದ ನಂತರ, 2021ರಲ್ಲಿ ತಯಾರಕರು ಗ್ರಾಫಿಕ್ಸ್ ಚಿಪ್ಪಿನ ವ್ಯಾಟುಗಳನ್ನು ತಮ್ಮ ತಾಣಗಳಲ್ಲಿ ಬರೆಯಬೇಕೆಂದು ಎನ್‌ವಿಡಿಯಾ ಹೇಳಿತು. ಪರೀಕ್ಷೆ ಮಾಡುವ ತಂತ್ರಾಂಶಗಳೂ ಬದಲಾಗಿವೆ: 2020ರಲ್ಲಿ ಬಂದ ಸಿನೆಬೆಂಚ್ ಆರ್23 ಹತ್ತು ನಿಮಿಷ ಎಡೆಬಿಡದೆ ಓಡಿದ ಮೇಲಷ್ಟೇ ಅಂಕ ಕೊಡುವುದನ್ನು ರೂಢಿ ಮಾಡಿತು, 3ಡಿಮಾರ್ಕ್‌ನ ಒತ್ತಡ ಪರೀಕ್ಷೆ ಒಂದೇ ದೃಶ್ಯವನ್ನು 20 ಸಲ ಓಡಿಸಿ, ಫ್ರೇಮುಗಳು ಶೇಕಡಾ 97ರಷ್ಟು ಸ್ಥಿರವಾಗಿದ್ದರೆ ಮಾತ್ರ ತೇರ್ಗಡೆ ಎನ್ನುತ್ತದೆ. ಪ್ರೊಸೆಸರಿನ ವಿಷಯದಲ್ಲೂ ಇಂಥ ಒಂದು ಸಾಲು ಪೆಟ್ಟಿಗೆಯ ಮೇಲೆ ಬರಲೇಬೇಕು: 35 ಡಿಗ್ರಿಯ ಕೋಣೆಯಲ್ಲಿ, ಗ್ರಾಫಿಕ್ಸ್ ಚಿಪ್ಪೂ ದುಡಿಯುತ್ತಿರುವಾಗ, ಒಂದು ಗಂಟೆಯ ಮೇಲೆ ಇಷ್ಟು ವ್ಯಾಟ್, ಇಷ್ಟು ವೇಗ. ಆ ಸಾಲು ಬರುವವರೆಗೂ ಕೊಳ್ಳುವವರು ಚಿಪ್ಪಿನ ಹೆಸರಿಗಿಂತ ಯಂತ್ರದ ದಪ್ಪ, ಫ್ಯಾನು, ಕೊಳವೆಗಳನ್ನು ಹೆಚ್ಚು ನೋಡುವುದು ಒಳ್ಳೆಯದು. ಆದರೆ ಈಗಾಗಲೇ ಕೊಂಡಾಗಿದೆ ಎನ್ನುವವರಿಗೆ ತಗ್ಗಿಸುವುದು ಸೋಲಲ್ಲ. ಕಾಲು ಗಂಟೆಯ ನಂತರ ಯಂತ್ರ ಹೇಗೂ ಕೊಡದ ವೇಗವನ್ನು ಬಿಟ್ಟುಕೊಟ್ಟು, ಅದು ಕೊಡಬಲ್ಲದ್ದನ್ನು ಕೊನೆಯವರೆಗೂ ಸಮನಾಗಿ ಪಡೆಯುತ್ತಿದ್ದಾರೆ.

ಇನ್ನು ಕೆಲವರು ಹೇಳುವುದು, 100 ಡಿಗ್ರಿ ತಯಾರಕರೇ ಒಪ್ಪಿದ ಶಾಖ, ಅದರಲ್ಲಿ ಓಡಿದರೆ ಏನು ನಷ್ಟ ಎಂದು. ಚಿಪ್ ನಾಳೆಯೇ ಸಾಯುವುದಿಲ್ಲ ಎಂಬುದು ನಿಜ. ಆದರೆ ಸಣ್ಣ ತಂತಿಗಳಲ್ಲಿ ಲೋಹದ ಪರಮಾಣುಗಳು ವಿದ್ಯುತ್ ಹರಿವಿಗೆ ಸಿಕ್ಕಿ ನಿಧಾನವಾಗಿ ಸರಿದು ಹೋಗುತ್ತವೆ, ಶಾಖ ಹೆಚ್ಚಿದಷ್ಟೂ ಇದು ತೀವ್ರವಾಗುತ್ತದೆ ಎಂಬುದನ್ನು ಜೇಮ್ಸ್ ಬ್ಲ್ಯಾಕ್ 1960ರ ದಶಕದ ಕೊನೆಯಲ್ಲೇ ಸಮೀಕರಣವಾಗಿ ಬರೆದಿಟ್ಟಿದ್ದಾರೆ. ಚಿಪ್ಪಿಗಿಂತ ಬೇಗ ಬಳಲುವುದು ಪಕ್ಕದ ಬ್ಯಾಟರಿ. ಜೊತೆಗೆ ಬಿಸಿ ಚಿಪ್ಪಿನಲ್ಲಿ ಸೋರಿಕೆ ಹೆಚ್ಚು. ಅದೇ ಕೆಲಸಕ್ಕೆ 95 ಡಿಗ್ರಿಯಲ್ಲಿ ಬೇಕಾಗುವ ವಿದ್ಯುತ್ತು 75ರಲ್ಲಿ ಬೇಕಾಗುವುದಿಲ್ಲ. ತಂಪಾಗಿಟ್ಟ ಚಿಪ್ ಇನ್ನಷ್ಟು ತಂಪಾಗಿರುವುದಕ್ಕೆ ತಾನೇ ನೆರವಾಗುತ್ತದೆ.

ನನ್ನ ವಾದ ಪೂರ್ತಿ ಸಲ್ಲದ ಒಂದು ಗುಂಪಿದೆ. ಕೌಂಟರ್ ಸ್ಟ್ರೈಕ್ ಅಥವಾ ವ್ಯಾಲರಂಟ್‌ನಂಥ ಆಟಗಳನ್ನು 240 ಹರ್ಟ್ಜ್ ಪರದೆಯ ಮೇಲೆ ಪಂದ್ಯಕ್ಕಾಗಿ ಆಡುವವರು. ಈ ಆಟಗಳಲ್ಲಿ ಗ್ರಾಫಿಕ್ಸ್ ಹಗುರ, ಹೊರೆ ಬೀಳುವುದು ಪ್ರೊಸೆಸರಿನ ಮೇಲೆಯೇ. ಒಂದು ಫ್ರೇಮಿಗೆ ಇರುವುದು ಬರೀ 4.2 ಮಿಲಿಸೆಕೆಂಡು. ಅವರಿಗೆ ಆ ಕೊನೆಯ ದುಬಾರಿ ಮೆಗಾಹರ್ಟ್ಜ್‌ಗಳೂ ಬೇಕು. ಅಂಥವರು ವೇಗವನ್ನು ಬಿಟ್ಟು ಗ್ರಾಫಿಕ್ಸ್ ಚಿಪ್ಪಿನ ಪಾಲನ್ನು ಇಳಿಸುವುದು, ಹಿನ್ನೆಲೆಯಲ್ಲಿ ಓಡುವ ಬ್ರೌಸರನ್ನು ಮುಚ್ಚುವುದು, ಕೋಣೆಯನ್ನು ತಂಪಾಗಿಡುವುದು ಮೇಲು. ಆದರೆ ಅವರೂ ವಿದ್ಯುತ್ ಮಿತಿಯ ಅಂಕಿ ಒಂದೇ ಇಟ್ಟು ವರ್ಷವಿಡೀ ನಡೆಸಲಾಗದು. ಡಿಸೆಂಬರಿನ ರಾತ್ರಿ 55 ವ್ಯಾಟನ್ನು ಸಲೀಸಾಗಿ ಹೊತ್ತ ಯಂತ್ರ ಮೇ ತಿಂಗಳಲ್ಲಿ 45ಕ್ಕೇ ಬ್ರೇಕು ಹಾಕಬಹುದು. ಥ್ರಾಟಲ್‌ಸ್ಟಾಪಿನಲ್ಲಿ ನಾಲ್ಕು ಪ್ರೊಫೈಲ್ ಉಳಿಸಿಡಲು ಜಾಗವಿದೆ. ಅವುಗಳಲ್ಲಿ ಎರಡನ್ನು ಬೇಸಗೆಗೊಂದು ಚಳಿಗಾಲಕ್ಕೊಂದು ಎಂದು ಮೀಸಲಿಟ್ಟು, ಯುಗಾದಿಯ ಹೊತ್ತಿಗೆ ಒಂದು ಸಲ ಬದಲಿಸಿಕೊಂಡರೆ ಆಯಿತು.